ಅವನನ್ನೇ ಕೇಳಿ

೪ ಮಾರ್ಚ್ ೨೦೦೯, ಬುಧವಾರ

ಚಿಕ್ಕನಾಯಕನಹಳ್ಳಿ ಯಾರ್ಡಿನಲ್ಲಿ ಗಲಾಟೆ. ಆಪರೇಟರ್‌ಗೆ ಪೆಟ್ಟು.

ಇಷ್ಟು ಬರೆದು ಪುಸ್ತಕ ಮುಚ್ಚಿದ್ದೆ. ಮತ್ತೆ ತೆರೆದಿದ್ದೇನೆ. ಬರೆಯದೆ ಬಿಡಲು ಹೊರಟಿದ್ದ ಮಾತು ಇದು: ಅವನಿಗೆ ಹೊಡೆಯುವಾಗ ನಾನು ಫೋನಿನಲ್ಲಿದ್ದೆ. ಹೊಡೆಯಲು ಬಂದವರು ಮೊದಲು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಉತ್ತರ ಕೊಟ್ಟೆ.

ಕ್ರಮವಾಗಿ ಬರೆಯುತ್ತೇನೆ. ಕ್ರಮ ನನಗೆ ಒಗ್ಗುತ್ತದೆ. ನಮ್ಮ ಬೆಳೆಗಾರರ ಸಂಘದ ಕೊಬ್ಬರಿ ಟೆಂಡರ್ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ವರ್ತಕರು ಗುಟ್ಟಾಗಿ ದರ ಹಾಕುತ್ತಾರೆ, ಮಧ್ಯಾಹ್ನ ಅದು ಯಾರ್ಡಿನ ಪರದೆಯ ಮೇಲೆ ಬರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ಕಡೆಯ ಸರ್ವರ್‌ಗಳನ್ನೂ ತಿಪಟೂರಿನಲ್ಲಿ ಕುಳಿತು ನೋಡಿಕೊಳ್ಳುವವಳು ನಾನು. ಇಂದು ಚಿಕ್ಕನಾಯಕನಹಳ್ಳಿಯಲ್ಲಿ ಕರೆಂಟ್ ಹೋಗಿ ಬಂತು. ಬಂದ ಮೇಲೆ ಟೆಂಡರ್ ಸೇವೆ ಮಾತ್ರ ಮೇಲೇಳಲಿಲ್ಲ. ಹೊರಗೆ ಬಿಸಿಲಿನಲ್ಲಿ ಬೆಳಗಿನಿಂದ ಕಾಯುತ್ತಿದ್ದ ಜನ. ಕಳೆದ ವಾರವಷ್ಟೇ ದರ ಬಿದ್ದಿತ್ತು.

"ಮೇಡಂ, ಟೆಂಡರ್ ಎದ್ದಿಲ್ಲ," ಎಂದ ಜುಂಜೇಶ್. ಅಲ್ಲಿನ ಆಪರೇಟರ್.

"ಇಲ್ಲಿ ಹಸಿರು ತೋರಿಸ್ತಿದೆಯಲ್ಲ. ಚಾಲ್ತಿಯಲ್ಲಿದೆ."

"ನಿಮ್ ಹಸ್ರಿಗಿಷ್ಟು ಬೆಂಕಿ ಹಾಕ! ನನ್ ಕಣ್ಮುಂದೆ ಸತ್ತು ಬಿದ್ದೈತೆ, ನೀವು ಅಲ್ಲಿ ಕುಂತ್ಕಂಡು ಬದುಕೈತೆ ಅಂತೀರಲ್ಲ."

ಅವನು ಯಾವಾಗಲೂ ಹೀಗೇ ಮಾತಾಡುತ್ತಾನೆ. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು, ಕುರ್ಚಿ ಉರುಳಿದ ಸದ್ದು. "ಈಚೆಗ್ ಎಳಿರ್ಲಾ ಅವನ್ನ!" "ಯಾವ ಸಾವ್ಕಾರನ್ ತಾವ ತಿಂದ್ಯಲಾ, ಬೊಗಳು!" ಫೋನಿನಲ್ಲಿ ಬೇರೆ ಗಂಟಲು ಬಂತು.

"ಮೇಡಂ, ನಾನು ಬಸವಕುಮಾರ್, ಕೆಂಕೆರೆಯವ್ನು. ಕಾಯಿ ಹಾಕಿರೋನು. ನಿಜ ಹೇಳ್ಬುಡಿ. ಮಿಷಿನ್ ಕೆಟ್ಟೈತೋ, ಇವ್ನೇ ನಿಲ್ಸವ್ನೋ?"

"ಇಲ್ಲಿ ಎಲ್ಲಾ ಸರಿಯಾಗಿದೆ," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಅವನನ್ನೇ ಕೇಳಿ," ಎಂದೂ ಸೇರಿಸಿದೆ.

ಅವರು ಕೇಳಿದರು. ಫೋನನ್ನು ಮೇಜಿನ ಮೇಲೆ ಇಟ್ಟಿದ್ದರೆಂದು ಕಾಣುತ್ತದೆ, ಕೇಳಿದ್ದೆಲ್ಲ ಕೇಳಿಸಿತು. ಮೊದಮೊದಲು ಅವನು ಬೈಯುತ್ತಿದ್ದ. ಆಮೇಲೆ ದೇವರನ್ನು ಕರೆದ. ಆಮೇಲೆ ಬಾಯೊಳಗೆ ಏನೋ ತುಂಬಿಕೊಂಡವನ ಸದ್ದು.

ನಾನು ಫೋನ್ ಇಡಲಿಲ್ಲ. ಪರದೆ ಹಸಿರಾಗಿಯೇ ಇತ್ತು.

೫ ಮಾರ್ಚ್, ಗುರುವಾರ

ದವಡೆ ಎರಡು ಕಡೆ ಮುರಿದಿದೆ. ಎಡಗಣ್ಣಿನ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ. ತುಮಕೂರಿಗೆ ಸಾಗಿಸಿದ್ದಾರೆ.

ಪೊಲೀಸ್ ದೂರು ದಾಖಲಾಗಿದೆ, ಜುಂಜೇಶ್‌ನ ಮೇಲೆ. ವರ್ತಕರ ಜೊತೆ ಸೇರಿ ಟೆಂಡರ್ ನಿಲ್ಲಿಸಿದ ಎಂದು. ದೂರು ಕೊಟ್ಟವರು ನಮ್ಮ ಸಂಘದ ಕಾರ್ಯದರ್ಶಿ ಪರಮಶಿವಯ್ಯನವರು. ಅದಕ್ಕೆ ಆಧಾರ ನನ್ನಿಂದಲೇ ಸಿಕ್ಕಿದ್ದು: ಅವನು ತನ್ನ ಸರ್ವರ್‌ನಲ್ಲಿ ಮೇಸ್ತ್ರಿಯನ್ನು ನಿಲ್ಲಿಸಿಟ್ಟಿದ್ದ.

ಮೇಸ್ತ್ರಿ ಎಂಬುದು ಅವನೇ ಇಟ್ಟ ಹೆಸರು. ಮೂರೂ ಸರ್ವರ್‌ಗಳನ್ನು ಒಂದೇ ಮಾದರಿಯಲ್ಲಿ ಇಡುವ ತಂತ್ರಾಂಶ ಅದು. ಮಾದರಿಯನ್ನು ನಾನು ಬರೆದು ತಿಪಟೂರಿನಲ್ಲಿ ಇಟ್ಟಿದ್ದೇನೆ. ಅರ್ಧ ಗಂಟೆಗೊಮ್ಮೆ ಅದು ಸುತ್ತು ಬರುತ್ತದೆ. ಯಾರಾದರೂ ಕೈಯಾಡಿಸಿದ್ದರೆ ಅಳಿಸಿ ನನ್ನ ಮಾದರಿಗೆ ತರುತ್ತದೆ, ನಿಂತ ಸೇವೆಯನ್ನು ಎಬ್ಬಿಸುತ್ತದೆ, ಎಲ್ಲ ಸರಿಯಿದ್ದರೆ ನನಗೆ ಹಸಿರು ತೋರಿಸುತ್ತದೆ. ಕಾವಲಿನವನನ್ನು ಮಲಗಿಸುವವನು ಕಳ್ಳನಲ್ಲದೆ ಇನ್ನಾರು ಎಂದು ನಿನ್ನೆ ಪರಮಶಿವಯ್ಯನವರಿಗೆ ನಾನೇ ಹೇಳಿದೆ. ಆ ಮಾತು ಚೆನ್ನಾಗಿದೆ ಎಂದೂ ಅನಿಸಿತ್ತು.

೬ ಮಾರ್ಚ್, ಶುಕ್ರವಾರ

ಚಿಕ್ಕನಾಯಕನಹಳ್ಳಿಗೆ ಹೋಗಿದ್ದೆ.

ಸರ್ವರ್ ಕೋಣೆಯ ಬಾಗಿಲ ಮುಂದೆ ಜುಂಜೇಶ್‌ನ ಚಪ್ಪಲಿಗಳು ಜೋಡಿಯಾಗಿ ಇದ್ದವು. ಅವನು ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವವನಲ್ಲ. "ಜುಂಜೇಶ್" ಎಂದು ಕರೆದೆ. ಅಭ್ಯಾಸಬಲ. ಒಳಗೆ ಯಾರೂ ಇರಲಿಲ್ಲ. ಕೀಲಿಮಣೆಯ ಗುಂಡಿಗಳ ನಡುವೆ ರಕ್ತ ಒಣಗಿ ಕಪ್ಪಾಗಿತ್ತು. ಒಂದು ಹಲ್ಲು, ಬೇರಿನ ಸಮೇತ, ವೈರುಗಳ ಕೆಳಗೆ. ಗೋಡೆಯ ಮೇಲೆ ತಲೆ ಎತ್ತರದಲ್ಲಿ ಎಣ್ಣೆಯ ಕಲೆಯಂಥ ಗುರುತು, ಅದರಲ್ಲಿ ಕೂದಲು.

ಸರ್ವರ್ ಹೊತ್ತಿಸಿದೆ. ಟೆಂಡರ್ ಸೇವೆ ಏಳಲಿಲ್ಲ. ತಿಪಟೂರಿಗೆ ಫೋನ್ ಮಾಡಿದೆ. ಅಲ್ಲಿ ಹಸಿರು.

ಬಾಗಿಲಿಗೆ ಬಂದು ನಿಂತೆ. ಚಪ್ಪಲಿಗಳನ್ನು ನೋಡುತ್ತ ನಿಂತೆ. ನೋಡುತ್ತ ನೋಡುತ್ತ ಹೊಸ್ತಿಲ ಮೇಲೆ ಕುಳಿತೆ.

ಸೇವೆ ಏಳುವಾಗ ಒಂದು ಚಿಕ್ಕ ಗುರುತಿನ ಕಡತವನ್ನು ಹೊರಗಿಡುತ್ತದೆ, ‘ಒಳಗಿದ್ದೇನೆ’ ಎಂದು. ಮಲಗುವಾಗ ತೆಗೆಯುತ್ತದೆ. ಕರೆಂಟ್ ಥಟ್ಟನೆ ಹೋದರೆ ತೆಗೆಯಲು ಪುರಸೊತ್ತು ಎಲ್ಲಿ? ಕರೆಂಟ್ ಬಂದಾಗ ಅದನ್ನು ಎಬ್ಬಿಸಬೇಕಾದ ಆದೇಶದ ಕಡತ, ನಾನು ಬರೆದದ್ದು, ಆ ಗುರುತನ್ನು ನೋಡಿ ‘ಆಗಲೇ ಎದ್ದಿದೆ’ ಎಂದು ಹಿಂದಿರುಗುತ್ತದೆ. ಮೇಸ್ತ್ರಿ ಅದನ್ನು ಕೇಳುತ್ತಾನೆ. ‘ಎದ್ದಿದೆ’ ಎನ್ನುತ್ತದೆ. ಮೇಸ್ತ್ರಿ ನನಗೆ ಹೇಳುತ್ತಾನೆ. ನಾನು ಬಸವಕುಮಾರನಿಗೆ ಹೇಳಿದೆ. ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಒಳಗೆ ಇಣುಕಲಿಲ್ಲ.

ತಿಪಟೂರಿನಲ್ಲಿ ಹೀಗೆ ಆಗದು. ಅಲ್ಲಿ ಬ್ಯಾಟರಿ ಸರಿಯಾಗಿದೆ. ಇಲ್ಲಿಯದು ಸತ್ತು ವರ್ಷವಾಗಿದೆ.

ಜುಂಜೇಶ್ ಮಾಡಿದ್ದೂ ಸಿಕ್ಕಿತು, ಮೇಸ್ತ್ರಿ ಅಳಿಸುವ ಮುನ್ನ ತೆಗೆದಿಡುವ ಹಳೆಯ ಪ್ರತಿಯಲ್ಲಿ. ಸರ್ವರ್ ಏಳುವಾಗ ಹಳೆಯ ಗುರುತನ್ನು ಮೊದಲು ಅಳಿಸುವ ಒಂದು ಸಾಲನ್ನು ನನ್ನ ಕಡತಕ್ಕೆ ಕೈಯಾರೆ ಸೇರಿಸಿದ್ದ. ಏಕೆ ಕೆಲಸ ಮಾಡುತ್ತದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಪಕ್ಕದಲ್ಲಿ ಇನ್ನೂ ನಾಲ್ಕು ಬೇಡದ ಸಾಲುಗಳಿದ್ದವು. ಮೇಸ್ತ್ರಿ ಪ್ರತಿ ಸುತ್ತಿನಲ್ಲೂ ಅದನ್ನು ಅಳಿಸುತ್ತಿದ್ದ, ನನ್ನ ಮಾದರಿಯಲ್ಲಿ ಇಲ್ಲವಲ್ಲ. ಅದಕ್ಕೇ ಅವನು ಮೇಸ್ತ್ರಿಯನ್ನು ನಿಲ್ಲಿಸಿದ್ದ. ನನಗೆ ಹೇಳಲು ನೋಡಿದ್ದ ಕೂಡ. "ದೂರನ್ನು ಇಂಗ್ಲಿಷಿನಲ್ಲಿ ಮೇಲ್ ಹಾಕಿ, ಕೈಯಿಂದ ಏನನ್ನೂ ಮುಟ್ಟಬೇಡಿ" ಎಂದಿದ್ದೆ.

ಇನ್ನೊಂದು ಇದೆ. ನಾಳೆ ಬರೆಯುತ್ತೇನೆ.

೭ ಮಾರ್ಚ್, ಶನಿವಾರ

ಸರ್ವರ್ ಪೆಟ್ಟಿಗೆಯನ್ನು ತಿಪಟೂರಿಗೆ ತರಲು ಮತ್ತೆ ಹೋಗಿದ್ದೆ. ಯಾರ್ಡಿನ ಹಿಂದೆ ಕಾಯಿ ಸುಲಿಯುವವರ ಸಾಲು ಇದೆ, ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗಳು. ಜುಂಜೇಶ್‌ನ ಅಣ್ಣ ಚಿತ್ತಣ್ಣ ಹಟ್ಟಿಯಿಂದ ಏಳೆಂಟು ಜನರನ್ನು ಕರೆದುಕೊಂಡು ಬಂದ. ಕೂಗಾಟವಿಲ್ಲ. ಬಸವಕುಮಾರ್ ಚೀಲದ ಮೇಲೆ ಕುಳಿತಿದ್ದ.

"ನೀನೇನ್ಲಾ ಮೊದ್ಲು ಹೊಡ್ದೋನು?"

"ನಂದೇನಿಲ್ಲ ಕಣಣ್ಣ. ಅಗೋ ಮೇಡಂ ಅವ್ರೇ. ಅವ್ರೇ ಫೋನಲ್ಲಿ ಹೇಳಿದ್ದು. ಕೇಳು ಬೇಕಾರೆ."

ಅವನ ಬೆರಳು ನನ್ನತ್ತ. ಚಿತ್ತಣ್ಣ ತಿರುಗಿ ನನ್ನನ್ನು ನೋಡಿದ. ಕಾದ. ನಾನು ಏನಾದರೂ ಹೇಳಲಿ ಎಂದು ನಿಜವಾಗಿಯೂ ಕಾದ.

ನಾನು ಕೈಯಲ್ಲಿದ್ದ ವೈರನ್ನು ಸುತ್ತುತ್ತಿದ್ದೆ.

ನೆಲದಿಂದ ಒಂದು ಸಲಾಕೆ ಕಿತ್ತರು. ಇಬ್ಬರು ಬಸವಕುಮಾರನ ಭುಜ ಒತ್ತಿ ಹಿಡಿದರು. ಚಿತ್ತಣ್ಣ ಒಂದೇ ಸಲ ಎತ್ತಿ ಮಂಡಿಯ ಮೇಲೆ ಇಳಿಸಿದ. ಈ ಸೀಮೆಯಲ್ಲಿ ಚಿಪ್ಪು ಒಡೆಯುವ ಸದ್ದು ಯಾರಿಗೂ ಹೊಸದಲ್ಲ. ಆದರೂ ಯಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಿನ್ನೆ ಬಿಟ್ಟದ್ದು: ಮಂಗಳವಾರ ಸಂಜೆ ಅಲ್ಲಿ ಮೇಸ್ತ್ರಿ ನಿಂತಿರುವುದು ನನಗೆ ಕಂಡಿತ್ತು. ತಿಪಟೂರಿನಿಂದಲೇ ಎಬ್ಬಿಸಿದೆ. ಅದು ಜುಂಜೇಶ್‌ನ ಸಾಲನ್ನು ಅಳಿಸಿತು. ಅವನಿಗೆ ತಿಳಿಸಲಿಲ್ಲ. ಬುಧವಾರ ಬೈಯೋಣ ಎಂದು ಇಟ್ಟುಕೊಂಡಿದ್ದೆ.

೧೦ ಮಾರ್ಚ್, ಮಂಗಳವಾರ

ಪರಮಶಿವಯ್ಯನವರು ಕರೆಸಿದ್ದರು. ವರದಿ ಬೇಕಂತೆ. ಇನ್‌ಸ್ಪೆಕ್ಟರ್ ಕಾಯುತ್ತಿದ್ದಾರೆ, ಜುಂಜೇಶ್ ಆಸ್ಪತ್ರೆಯಿಂದ ಬಿಡುಗಡೆಯಾದ ದಿನವೇ ಒಳಗೆ ಹಾಕುತ್ತಾರೆ, ಅದಕ್ಕೆ ನನ್ನ ಸಹಿ ಸಾಕು.

ಗುರುತಿನ ಕಡತದ ವಿಷಯ ವಿವರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಅರ್ಥವಾಗಲಿಲ್ಲ ಎಂದುಕೊಂಡೆ. ಆಗಿತ್ತು.

"ಅಂದ್ರೆ ಬ್ಯಾಟರಿ ಕೊಡ್ಸದಿದ್ದೋನು ನಾನು, ತಪ್ಪು ಬರ್ದೋಳು ನೀನು. ಅಷ್ಟೇ ತಾನೆ ಗಿರಿಜಾ?"

"ಹೌದು."

"ಹೌದಂತೆ!" ಗಾಜಿನ ಪೇಪರ್‌ವೇಟ್ ಎತ್ತಿ ಮೇಜಿಗೆ ಕುಕ್ಕಿದರು. ಮೇಜಿನ ಗಾಜು ಸೀಳಿತು. ಆಮೇಲೆ ಮೆತ್ತಗೆ, "ನೋಡವ್ವ, ನೀನು ನಮ್ಮೋರ ಮಗ್ಳು. ಕಾನ್ವೆಂಟಲ್ಲಿ ಓದ್ದೋಳು. ಅವ್ನು ಹಟ್ಟಿಯೋನು, ಅವ್ನಿಗೇನು ಹೋಗ್ತೈತೆ ಮಾನ? ಆರು ತಿಂಗ್ಳು ಒಳಗಿದ್ದು ಬತ್ತಾನೆ. ನೀನು ಇರ್ತೀಯಾ?"

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ‘ಯೋಚಿಸಿ’ ಎಂದದ್ದು ಏಕೆ?

ಕಚೇರಿಯ ವರದಿಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುವುದು ನನ್ನ ರೂಢಿ. ಒಂದು ಕರಡು ಮಾಡಿದೆ. ಅದರಲ್ಲಿ ಸೇವೆ ಸ್ಥಗಿತಗೊಂಡಿತು, ಗೊಂದಲ ಉಂಟಾಯಿತು, ಒಬ್ಬ ನೌಕರನಿಗೆ ಗಾಯಗಳಾದವು. ಎಲ್ಲ ತಾವೇ ಆದವು. ಮನುಷ್ಯರೇ ಇಲ್ಲದ ಊರು. ಹರಿದೆ.

೧೩ ಮಾರ್ಚ್, ಶುಕ್ರವಾರ

ತುಮಕೂರು ಆಸ್ಪತ್ರೆ. ಚಪ್ಪಲಿಗಳನ್ನು ಕಾಗದದಲ್ಲಿ ಸುತ್ತಿ ಒಯ್ದಿದ್ದೆ.

ಜುಂಜೇಶ್‌ನ ದವಡೆಯನ್ನು ತಂತಿಯಿಂದ ಬಿಗಿದಿದ್ದಾರೆ. ಎಡಗಣ್ಣು ತೆಗೆದಿದ್ದಾರೆ. ಬಲಗಣ್ಣಿನಿಂದ ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿದ. ಬಾಗಿಲಲ್ಲಿ ಒಬ್ಬ ಪೊಲೀಸ್ ಪೇದೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ.

ಹೆಂಡತಿ ನಾಗಕ್ಕ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಬಂದಳು.

"ಒಂದ್ ಕೇಳ್ತೀನಿ, ನಿಜ ಹೇಳಿ ಮೇಡಂ. ಅವ್ರು ಹೊಡೀವಾಗ ನೀವು ಫೋನ್ ಮಡಗ್ಬುಟ್ರಾ, ಇಲ್ಲ ಕೇಳುಸ್ಕಂತಿದ್ರಾ?"

"ಕೇಳಿಸಿಕೊಳ್ತಿದ್ದೆ."

"ಎಲ್ಲೀಗಂಟ?"

"ಕೊನೆಯವರೆಗೂ."

ಅವಳು ಕಾಗದ ಬಿಚ್ಚಿದಳು. ಒಂದು ಚಪ್ಪಲಿ ತೆಗೆದು ನನ್ನ ಮುಖಕ್ಕೆ ಬೀಸಿದಳು. ಒಂದೇ ಏಟು. ಕನ್ನಡಕ ಹಾರಿ ಬಿತ್ತು, ತುಟಿ ಒಡೆಯಿತು. ವರಾಂಡದಲ್ಲಿದ್ದವರು ಹಿಡಿಯಲು ಬಂದರೆ, "ಬುಡ್ರಿ, ಆಯ್ತು. ಇಷ್ಟೇಯ" ಎಂದು ತಾನೇ ನಿಲ್ಲಿಸಿದಳು. ಕನ್ನಡಕ ಎತ್ತಿ ನನ್ನ ಕೈಗೆ ಕೊಟ್ಟಳು. "ಕೇಸು ಆತದಂತೆ. ಇರೋ ಒಂದ್ ಕಣ್ಣಲ್ಲಿ ಜೈಲ್ ನೋಡ್ಕಂಡ್ ಬರ್ಲಾ ನನ್ ಗಂಡ? ಹೇಳಿ. ನೀವು ಹೇಳ್ದಂಗೇ ತಾನೆ ಎಲ್ಲಾ ಆಗಾದು."

ಬಸ್ಸಿನಲ್ಲಿ ತುಟಿಯ ರಕ್ತ ರುಚಿ ನೋಡುತ್ತ ಬಂದೆ. ಅವಮಾನವಾಗಬೇಕಿತ್ತು. ಹಸಿವಾಗಿತ್ತು. ನೊಣವಿನಕೆರೆ ಗೇಟಿನಲ್ಲಿ ಬಸ್ಸು ನಿಂತಾಗ ಇಳಿದು ಎರಡು ಇಡ್ಲಿ ತಿಂದೆ.

೧೪ ಮಾರ್ಚ್, ಶನಿವಾರ

ಚಿಕ್ಕನಾಯಕನಹಳ್ಳಿಯಲ್ಲಿ ಟೆಂಡರ್ ಇಲ್ಲವಲ್ಲ, ಆ ಸಿಟ್ಟಿಗೆ ತಿಪಟೂರು ಕಚೇರಿಗೆ ಕಲ್ಲು. ಊಟಕ್ಕೆ ಕುಳಿತಿದ್ದೆ. ಕಿಟಕಿಯ ಗಾಜು ಅನ್ನದೊಳಗೆ. ಹೆಕ್ಕಿ ಪಕ್ಕಕ್ಕಿಟ್ಟು ಊಟ ಮುಗಿಸಿದೆ.

೧೮ ಮಾರ್ಚ್, ಬುಧವಾರ

ಪರಮಶಿವಯ್ಯನವರು ಇನ್ನೊಬ್ಬ ಕಂಪ್ಯೂಟರಿನವನನ್ನು ಕರೆದುಕೊಂಡು ಬಂದರು. ಚಿಕ್ಕನಾಯಕನಹಳ್ಳಿಯ ಸರ್ವರ್ ಪೆಟ್ಟಿಗೆ ನನ್ನ ಕೋಣೆಯಲ್ಲಿತ್ತು. ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಬೇಕು ಎಂದರು. ಹಳೆಯ ಪ್ರತಿಯಲ್ಲಿ ಉಳಿದಿದ್ದ ಜುಂಜೇಶ್‌ನ ಸಾಲುಗಳು, ಆ ದಿನದ ಗುರುತು, ಎಲ್ಲವೂ ಹೋಗುತ್ತವೆ. ಆಗುವುದಿಲ್ಲ ಎಂದು ಒಳಗಿನಿಂದ ರೋಲಿಂಗ್ ಶಟರ್ ಎಳೆದೆ.

"ತಗಿಯೇ ಗಿರಿಜಾ! ನಿಮ್ಮಪ್ಪನ ಮನೆ ಗಂಟೇನೇ?"

ಶಟರ್ ನೆಲ ಮುಟ್ಟುವ ಮುಂಚೆ ಅವರು ಕೆಳಗೆ ಕೈ ತೂರಿಸಿ ಎತ್ತಲು ನೋಡಿದರು. ನಾನು ಕೆಳಗಿನ ಪಟ್ಟಿಯ ಮೇಲೆ ಕಾಲಿಟ್ಟು ತುಳಿದೆ. ಕಿರುಚಿದರು. ಬೆರಳುಗಳು ನನ್ನ ಕಡೆಗೆ ಇದ್ದವು. ಒಂದು ಬೆರಳಿನ ಉಗುರು ಎದ್ದು ನಿಂತಿತ್ತು.

ಕೈ ಕಾಣಲಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಇಲ್ಲೂ ಹಾಗೇ ಬರೆಯಹೊರಟಿದ್ದೆ. ಕಂಡಿತ್ತು. ಹವಳದ ಉಂಗುರದ ಸಮೇತ ಕಂಡಿತ್ತು.

ಮೂರು ಬೆರಳು ಮುರಿದಿವೆ. ಅವರು ಪೊಲೀಸರಿಗೆ ದೂರು ಕೊಡಲಿಲ್ಲ. ಕೊಟ್ಟರೆ ಏಕೆ ಕೈ ತೂರಿಸಿದಿರಿ ಎಂದು ಕೇಳುತ್ತಾರಲ್ಲ. ನಾನು ಈಚೆಗೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಹವೆ ಬದಲಾದದ್ದಕ್ಕೆ ಇರಬೇಕು.

೨೧ ಮಾರ್ಚ್, ಶನಿವಾರ

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ದೋಷವನ್ನು ಮತ್ತೆ ಹುಟ್ಟಿಸಿ ತೋರಿಸುವವರೆಗೆ ದೋಷ ಗೊತ್ತಾಯಿತು ಎನ್ನುವಂತಿಲ್ಲ.

ಟೆಂಡರ್ ಶುರು ಮಾಡುತ್ತೇನೆ ಎಂದದ್ದಕ್ಕೆ ಯಾರೂ ತಡೆಯಲಿಲ್ಲ; ಪೆಟ್ಟಿಗೆಯನ್ನು ಜೀಪಿನಲ್ಲಿ ಚಿಕ್ಕನಾಯಕನಹಳ್ಳಿಗೆ ಒಯ್ದೆ. ಆಪರೇಟರ್ ಕುರ್ಚಿಯಲ್ಲಿ ಕೂರಲು ಯಾರೂ ಒಪ್ಪದ ಕಾರಣ ನಾನೇ ಕುಳಿತೆ. ಹಳೆಯ ಗುರುತನ್ನು ಬೇರೆಡೆ ತೆಗೆದಿಟ್ಟು ಸೇವೆ ಎಬ್ಬಿಸಿದೆ. ಎರಡು ವಾರದ ಮೇಲೆ ಟೆಂಡರ್. ಯಾರ್ಡು ತುಂಬಿತ್ತು. ದರ ಬರುವ ಹೊತ್ತಿಗೆ ಮುಖ್ಯ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದೆ. ಪರದೆ ಕಪ್ಪಾಯಿತು. ಸರ್ವರ್ ಎದ್ದಿತು. ಟೆಂಡರ್ ಏಳಲಿಲ್ಲ.

ಬಾಗಿಲು ಒದ್ದುಕೊಂಡು ಬಂದರು. "ಮತ್ತೆ ಶುರು ಹಚ್ಕಂಡ್ರು ಕಣ್ಲಾ!" ಒಬ್ಬ ನನ್ನ ಜಡೆ ಹಿಡಿದ. ತಿಪಟೂರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಇಡಿ ಎಂದೆ. ಅಲ್ಲಿ ನನ್ನ ಪರದೆಯ ಮುಂದೆ ಯಾರಿರುತ್ತಾರೋ ನನಗೆ ಗೊತ್ತಿರಲಿಲ್ಲ. ಎತ್ತಿಕೊಂಡವರು ಪರಮಶಿವಯ್ಯನವರು.

"ಸ್ವಾಮಿ, ಇಲ್ಲಿ ಟೆಂಡರ್ ನಿಂತೈತೆ!"

"ಯಾವನಯ್ಯ ಹೇಳ್ದೋನು? ಇಲ್ಲಿ ಹಸ್ರು ಐತೆ. ನಡೀತೈತೆ. ಅಲ್ಲಿರೋದು ಗಿರಿಜಾ ತಾನೆ? ಅವ್ಳನ್ನೇ ಕೇಳಿ."

ಕೇಳಲು ಶುರು ಮಾಡಿದರು. ಮೊದಲ ಏಟು ಕಿವಿಯ ಮೇಲೆ. ತಲೆ ಗೋಡೆಗೆ ಬಡಿಯಿತು, ಅದೇ ಗೋಡೆಗೆ. ಎರಡನೆಯದು ಹೊಟ್ಟೆಗೆ. ನೆಲದ ಮೇಲಿಂದ ಕಾಲುಗಳು ಮಾತ್ರ ಕಾಣುತ್ತಿದ್ದವು. ಎಲ್ಲರೂ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದರು.

"ತಡೀರ್ಲಾ! ಲೇ, ತಡೀರ್ಲಾ!" ಕಿಟಕಿಯ ಹೊರಗಿನಿಂದ ಕೂಗು. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಬ್ಯಾಂಡೇಜ್ ಕಾಲು ನೀಡಿ ಕುಳಿತಿದ್ದ ಬಸವಕುಮಾರ್. "ಅವತ್ತು ನಂಗೂ ಇದೇ ಮಾತು ಹೇಳಿದ್ದು ಕಣ್ರೋ. ಇದೇ ಮಾತು. ಇಲ್ಲಿ ನಿಂತೈತೆ, ಅಲ್ಲಿ ಹಸ್ರು..." ಟ್ರೈಲರಿನ ಅಂಚು ಹಿಡಿದು ಕಿಟಕಿಯತ್ತ ಬಾಗಿದ. "ಮೇಡಂ, ಅವತ್ತೂ ಹಿಂಗೇ ಆಗಿತ್ತಾ? ಅವ್ನು ಏನೂ ಮಾಡಿರ್ಲಿಲ್ವಾ?"

"ಮಾಡಿದ್ರು. ಸರಿ ಮಾಡಿಟ್ಟಿದ್ರು. ನಾನು ಅಳಿಸಿದೆ."

ನಾನು ಗೋಡೆ ಹಿಡಿದು ಎದ್ದು, ಆ ಗುರುತಿನ ಕಡತವನ್ನು ಅಳಿಸಿ, ಸೇವೆಯನ್ನು ಎಬ್ಬಿಸಿದೆ. ಹೊರಗೆ ಪರದೆ ಬೆಳಗಿತು. ನನ್ನ ಜಡೆ ಹಿಡಿದಿದ್ದವನೇ ಎಲ್ಲರಿಗಿಂತ ಮೊದಲು ದರ ನೋಡಲು ಓಡಿದ.

ಬಸವಕುಮಾರ್ ಮಾತ್ರ ಪರದೆಯ ಕಡೆ ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

೨೨ ಮಾರ್ಚ್, ಭಾನುವಾರ

ಎಡಗಿವಿಯಲ್ಲಿ ಸಣ್ಣ ಶಿಳ್ಳೆಯಂಥ ಸದ್ದು. ಕಡಿಮೆಯಾಗಬಹುದು.

ಮಾದರಿಯನ್ನು ತಿದ್ದಿದೆ. ಇನ್ನು ಮೇಲೆ ಗುರುತನ್ನು ನೋಡಿ ನಂಬುವುದಿಲ್ಲ, ಸೇವೆ ಉಸಿರಾಡುತ್ತಿದೆಯೇ ಎಂದು ಒಳಗೆ ಇಣುಕಿಯೇ ಹಸಿರು ತೋರಿಸುತ್ತದೆ. ಸತ್ತದ್ದರ ಗುರುತನ್ನು ಅಳಿಸಿ ಎಬ್ಬಿಸುವ ಸಾಲು ಜುಂಜೇಶ್ ಅವರದು. ಅವರ ನಾಲ್ಕು ಬೇಡದ ಸಾಲುಗಳನ್ನು ಮಾತ್ರ ತೆಗೆದೆ. ಅರ್ಧ ಗಂಟೆಯೊಳಗೆ ಮೂರು ಊರಿಗೂ ಮುಟ್ಟಿತು. ಅದನ್ನು ಇನ್ನು ಯಾವ ಮೇಸ್ತ್ರಿಯೂ ಅಳಿಸುವುದಿಲ್ಲ.

ಆಮೇಲೆ ವರದಿ. ಕನ್ನಡದಲ್ಲೇ ಬರೆದೆ, ಒಂದೂವರೆ ಪುಟ. ಕಚೇರಿಯಲ್ಲಿ ಕೊಟ್ಟರೆ ಕಸದ ಬುಟ್ಟಿ ಸೇರುತ್ತದೆ, ಠಾಣೆಯಲ್ಲಿ ಕೊಟ್ಟರೆ ಕಚೇರಿ ಸೇರುತ್ತದೆ. ತುಮಕೂರಿನ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ರಿಜಿಸ್ಟರ್ಡ್ ಅಂಚೆ. ಬ್ಯಾಟರಿ, ಮಂಗಳವಾರದ ಸಂಜೆ, ಫೋನ್, ಎಲ್ಲ ಇದೆ. ಬಸವಕುಮಾರನ ಮಂಡಿಯೂ ಇದೆ, ನಾನು ವೈರ್ ಸುತ್ತುತ್ತಿದ್ದದ್ದೂ. ಪರಮಶಿವಯ್ಯನವರ ಬೆರಳುಗಳು ಈ ವಿಷಯಕ್ಕೆ ಸೇರಿದ್ದಲ್ಲವೆಂದು ಬಿಟ್ಟಿದ್ದೆ. ಲಕೋಟೆ ಅಂಟಿಸಿದ ಮೇಲೆ ಮತ್ತೆ ಹರಿದು ಸೇರಿಸಿದೆ: ಕೈ ನನಗೆ ಕಂಡಿತ್ತು.

ಕಡೆಗೆ ಬರೆದದ್ದು ಇಷ್ಟು. ಮಾರ್ಚ್ ನಾಲ್ಕರಂದು ಟೆಂಡರ್ ನಿಲ್ಲಿಸಿದವರು ಯಾರೆಂದು ಆಸ್ಪತ್ರೆಯಲ್ಲಿರುವವರನ್ನು ಕೇಳಬೇಡಿ. ನನ್ನನ್ನೇ ಕೇಳಿ.

ಇಂದು ಅಂಚೆ ಕಚೇರಿ ಮುಚ್ಚಿದೆ. ಹಾಕುವುದು ನಾಳೆ, ಸೋಮವಾರ, ೨೩ ಮಾರ್ಚ್ ೨೦೦೯.